ನಾಲ್ಕನೆಯ ಮೂಲೆ

ಮಾವ ಮೂರನೆಯ ಸಲ ಚಟ್ಟದಿಂದ ಜಾರಿ ಹುಲ್ಲಿನ ಮೇಲೆ ಕುಕ್ಕರಿಸಿದಾಗ, ಮಗಳು ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಅಂಗೈಗೆ ಉಗಿದುಕೊಂಡಳು.

"ಹಗ್ಗದ ಬಿಗಿ ಸಾಲ್ದು," ಎಂದಳು.

"ಹಗ್ಗ ಅಲ್ಲ ಕಣೇ, ನಿನ್ನ ಬುದ್ಧಿ ಸಾಲ್ದು." ಮಾವ ಸೊಂಟ ನೀವಿಕೊಂಡ. "ಸತ್ತಿರೋದು ನಿಮ್ಮಪ್ಪ, ಪ್ರಾಣ ಹೋಗ್ತಿರೋದು ನಂದು."

ಜಗಲಿಯ ಮೇಲೆ ಕೂತಿದ್ದ ಅಮ್ಮ ಕೆಂಪಾದ ಕಣ್ಣುಗಳನ್ನು ಒರೆಸಿಕೊಂಡಳು. "ಇನ್ನೊಂದ್ಸಲ ಮಲಗೋ ತಮ್ಮ. ನಿಮ್ಮ ಭಾವನ ಉದ್ದ, ನಿಮ್ಮ ಭಾವನ ಹೊಟ್ಟೆ ಇರೋನು ಈ ಊರಲ್ಲಿ ನೀನೊಬ್ಬನೇ."

ಮಗಳು ಬಡಗಿ. ಗಿಡ್ಡರ ಆ ಊರಿನ ಅರ್ಧ ಬಾಗಿಲುಗಳು ಅವಳ ಕೈಯಲ್ಲೇ ಆದವು. ಅಪ್ಪ ಕಣ್ಣು ಮುಚ್ಚುವ ಮೊದಲು ಅವಳನ್ನು ಕೇಳಿದ್ದು ಒಂದೇ: "ನನ್ನ ಚಟ್ಟದ ಎರಡು ಮೂಲೆ ನೀವು ಹೊರಿ, ಎರಡು ಅವರು ಹೊರಲಿ." ಅವಳು ಹೂಂ ಅಂದಿದ್ದಳು. ಅವರು ಎಂದರೆ ಕಣಿವೆಯಾಚೆಯ ರಕ್ಕಸರು. ಹೂಂ ಅಂದದ್ದು ಮಗಳು. ಅವಳೊಳಗಿನ ಬಡಗಿ ಆಗ ಅಳುತ್ತಾ ಕೂತಿದ್ದಳು. ರಕ್ಕಸನ ಹೆಗಲು ಗಿಡ್ಡರ ಮನೆಯ ಸೂರಿನಷ್ಟು ಎತ್ತರ. ಚಟ್ಟದ ಮುಂದಿನ ತುದಿ ಅಲ್ಲಿ, ಹಿಂದಿನ ತುದಿ ಇಲ್ಲಿ ಎಂದರೆ ಅದು ಚಟ್ಟವಲ್ಲ, ಜಾರುಬಂಡೆ. ಈಗ ಮುಂದಿನ ತುದಿಯನ್ನು ಏಣಿಯ ಮೇಲಿಟ್ಟು, ಅಪ್ಪನ ಬದಲಿಗೆ ಮಾವನನ್ನು ಮಲಗಿಸಿ, ಬೆಳಗ್ಗೆಯಿಂದ ಪರೀಕ್ಷೆ ನಡೆದಿತ್ತು.

"ನಾಲ್ಕು ಮೂಲೆನೂ ಅವರಿಗೇ ಕೊಟ್ರೆ?" ಬೇಲಿಯಾಚೆಯಿಂದ ಪಕ್ಕದ ಮನೆಯ ಕಮ್ಮಾರ ಕೇಳಿದ.

"ಅಷ್ಟು ಎತ್ತರಕ್ಕೆ ಎತ್ತಿದ್ರೆ ಸ್ವರ್ಗಕ್ಕೆ ಅರ್ಧ ದಾರಿ ಸವೀತು," ಎಂದ ಮಾವ. ಆಮೇಲೆ ದನಿ ತಗ್ಗಿಸಿದ. "ನನ್ನ ಮಾತು ಕೇಳು ತಾಯಿ. ನಾಲ್ಕೂ ನಾವೇ ಹೊರೋಣ. ಅವರು ಹಿಂದೆ ನಡ್ಕೊಂಡು ಬರ್ಲಿ. ನಿಮ್ಮಪ್ಪ ಎದ್ದು ಬಂದು ಕೇಳ್ತಾರಾ?"

"ಕೇಳಲ್ಲ. ಅದಕ್ಕೇ ತಪ್ಪಿಸೋಕಾಗಲ್ಲ ಮಾವ."

ಮಾವ ನಿಟ್ಟುಸಿರಿಟ್ಟು ಮತ್ತೆ ಚಟ್ಟ ಹತ್ತಿದ. ಮಗಳು ಈ ಸಲ ಅವನನ್ನು ಎದೆ, ಸೊಂಟ, ಮೊಣಕಾಲು ಎಲ್ಲ ಸೇರಿಸಿ ಬಿಗಿದಳು.

*

ಮೂವತ್ತು ವರ್ಷಗಳ ಹಿಂದೆ ಊರಿನ ನಕ್ಷೆ ಕಣಿವೆಯ ಬಾಯಲ್ಲೇ ನಿಂತುಬಿಡುತ್ತಿತ್ತು. ಅದರಾಚೆ ಏನಿದೆಯೆಂದು ನೋಡದವರು ಯಾರೋ ಎರಡು ಕೋರೆಹಲ್ಲು ಬರೆದು ಕೈತೊಳೆದುಕೊಂಡಿದ್ದರು. "ಆಚೆ ಏನಿದೆ ಅಂತ ತಿಳೀದೆ ನಂಗೆ ಊಟ ಸೇರಲ್ಲ," ಎಂದು ಅಪ್ಪ ಬೆನ್ನಿಗೆ ಮರದ ಪೆಟ್ಟಿಗೆ ಕಟ್ಟಿಕೊಂಡು ಹೊರಟ. ಪೆಟ್ಟಿಗೆಯಲ್ಲಿ ದಿಕ್ಸೂಚಿ, ಅಳತೆಯ ಸರಪಳಿ, ಕಾಗದ, ಒಂದು ಕುಡಿಕೆ ನೀಲಿ ಮಸಿ.

ರಕ್ಕಸರು ಅವನನ್ನು ತಿನ್ನಲಿಲ್ಲ; ಮಾತೂ ಆಡಿಸಲಿಲ್ಲ. ಇಂದು ಅಳೆಯಲು ಬಂದವನು ನಾಳೆ ಕಿತ್ತುಕೊಳ್ಳಲು ಬರುತ್ತಾನೆಂದು ಅವರ ಅನುಮಾನ. ಹನ್ನೆರಡು ದಿನ ಅವನು ಅವರ ಊರಾಚೆಯ ಬಂಡೆಯ ಮೇಲೆ ಕೂತೇ ಕಳೆದ.

ಹದಿಮೂರನೆಯ ದಿನ ಊರಿಗೆ ಊರೇ ಬೇಟೆಗೆ ಹೋಗಿದ್ದಾಗ ಒಬ್ಬ ಮುದುಕಿ ತೀರಿಕೊಂಡಳು. ಅವಳ ಬಳಿ ಉಳಿದಿದ್ದವರು ಮಗ, ಸೊಸೆ, ಮೊಮ್ಮಗಳು. ಮೂರು ಹೆಗಲು, ನಾಲ್ಕು ಮೂಲೆ. ಹೊತ್ತು ಮುಳುಗುವುದರೊಳಗೆ ಹೂಳುವ ದಿಬ್ಬ ಮುಟ್ಟಿಸಬೇಕು. ಒಮ್ಮೆ ಎತ್ತಿದ ಮೂಲೆಯನ್ನು ದಾರಿಯಲ್ಲಿ ಇಳಿಸುವಂತಿಲ್ಲ, ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಅದು ರಕ್ಕಸರ ಕಟ್ಟುಪಾಡು.

ಅವನು ಬಂಡೆಯಿಂದಿಳಿದು ಬಂದು ನಾಲ್ಕನೆಯ ಮೂಲೆಯ ಕೆಳಗೆ ನಿಂತ. ಮೂಲೆ ಎಲ್ಲೋ ಆಕಾಶದಲ್ಲಿತ್ತು. ತಲೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡ. ಅದರ ಮೇಲೆ ಹಾಸಿಗೆಯ ಸುರುಳಿ. ಅದೂ ಸಾಲದೆ, ಅದರ ಮೇಲೆ ಅಡುಗೆಯ ಪಾತ್ರೆಯನ್ನು ಬೋರಲು ಹಾಕಿದ. ಮೂಲೆ ಪಾತ್ರೆಯ ತಳದ ಮೇಲೆ ಠಣ್ಣೆಂದು ಕೂತಿತು.

ಅರ್ಧ ದಾರಿಯಲ್ಲಿ ಮಸಿಕುಡಿಕೆ ಒಡೆಯಿತು. ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ದಿಬ್ಬದ ಮೇಲೆ ಇಳಿಸಿದಾಗ, ದಾರಿಯುದ್ದಕ್ಕೂ ಅಳುತ್ತಾ ಬಂದಿದ್ದ ಮಗ ತಿರುಗಿ ನೋಡಿದ. ಗಡ್ಡದ ತುದಿಯವರೆಗೂ ನೀಲಿಯಾಗಿದ್ದ ಗಿಡ್ಡನನ್ನು ಕಂಡು, ತಾಯಿ ಸತ್ತ ದಿನವೆಂಬುದನ್ನೂ ಮರೆತು ನಕ್ಕುಬಿಟ್ಟ.

ಮರುದಿನ ಅಳತೆಯ ಸರಪಳಿಯ ಇನ್ನೊಂದು ತುದಿ ಹಿಡಿದವನು ಆ ರಕ್ಕಸನೇ.

*

ಅಂಗಳಕ್ಕೆ ನೆರಳು ಬಿತ್ತು. ಮುದಿ ರಕ್ಕಸ ತನ್ನ ಮಗಳೊಂದಿಗೆ ಬೇಲಿಯನ್ನು ದಾಟಿಯೇ ಬಂದಿದ್ದ. ಗೇಟು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಕಣ್ಣಿಗೆ ಬಿದ್ದದ್ದು ಚಟ್ಟದ ಮೇಲೆ ಕಟ್ಟಿಸಿಕೊಂಡು ಮಲಗಿದ್ದ ಮಾವ.

"ಗಿಡ್ಡಣ್ಣಾ!" ಎಂದು ಅವನು ಚಟ್ಟದ ಮೇಲೆ ಬಿದ್ದು ಗೋಳಾಡಿದ. "ಎಷ್ಟು ಇಳಿದು ಹೋದ್ಯೋ! ಗಡ್ಡ ಬೇರೆ ಬೋಳಿಸಿಬಿಟ್ಟಿದಾರಲ್ಲೋ!"

"ನಾನಲ್ಲ ಸ್ವಾಮಿ," ಎಂದ ಮಾವ ಕೀರಲು ದನಿಯಲ್ಲಿ. "ಅವರು ಒಳಗಿದಾರೆ."

ರಕ್ಕಸ ಎರಡು ಮಾರು ಹಿಂದಕ್ಕೆ ಹಾರಿದ. ಅಮ್ಮ ಮೊದಲು ನಕ್ಕಳು. ಮೂರು ದಿನದಿಂದ ಅನ್ನ ನೀರು ಮುಟ್ಟದ ಅಮ್ಮ, ಜಗಲಿಯ ಕಂಬ ಹಿಡಿದುಕೊಂಡು ನಕ್ಕಳು.

ಮಗಳು ಹಗ್ಗ ಬಿಚ್ಚುತ್ತಾ, ನಾಚುತ್ತಾ, ಎಲ್ಲ ಹೇಳಿದಳು. ಏಣಿ ತೋರಿಸಿದಳು. "ಎಷ್ಟು ಲೆಕ್ಕ ಹಾಕಿದ್ರೂ ಮಟ್ಟ ಬರ್ತಿಲ್ಲ ದೊಡ್ಡಪ್ಪ."

ರಕ್ಕಸ ಏಣಿಯನ್ನು ನೋಡಿದ, ಚಟ್ಟವನ್ನು ನೋಡಿದ, ತನ್ನ ಮಗಳತ್ತ ನೋಡಿದ. ಇಬ್ಬರೂ ಅಲ್ಲೇ ಅಂಗಳದಲ್ಲಿ ಮೊಣಕಾಲೂರಿದರು.

"ನಮ್ಮಮ್ಮನಿಗೋಸ್ಕರ ಅವನು ಎತ್ತರ ಆಗಿದ್ದ," ಎಂದ. "ಎತ್ತಮ್ಮ, ಹೊತ್ತಾಗುತ್ತೆ."

ಅಪ್ಪನನ್ನು ತಂದು ಮಲಗಿಸಿದರು. ಮುಂದೆ ರಕ್ಕಸರಿಬ್ಬರು, ಹಿಂದೆ ಮಗಳು, ಮಾವ. ಮಾವನ ಹೆಗಲಿಗೆ ಮಡಿಸಿದ ಕಂಬಳಿ ಬೇಕಾಯಿತು, ಮಗಳದಕ್ಕೂ. ಅವಳು ಕೈಯಭ್ಯಾಸದಿಂದ ರಸಮಟ್ಟ ತೆಗೆದು ಚಟ್ಟದ ಅಂಚಿಗಿಟ್ಟಳು. ಗಾಜಿನೊಳಗಿನ ಗುಳ್ಳೆ ತುಸು ಅಲುಗಾಡಿ, ಸರಿಯಾಗಿ ನಡುವೆ ಬಂದು ನಿಂತಿತು.

"ನಮ್ಮೂರ ದಿಬ್ಬಾನೂ ದೂರ ಇದೆ," ಮಾವ ಹಿಂದಿನಿಂದ ಕೂಗಿದ. "ಜಲ್ಲಿ ರಸ್ತೆ, ಮೊಣಕಾಲು ಕಿತ್ತುಹೋಗುತ್ತೆ. ನಡುವೆ ಇಳಿಸಿ ಸುಧಾರಿಸ್ಕೊಳ್ಳಿ ಮಾರಾಯ್ರೇ, ಯಾರೂ ಏನೂ ಅನ್ಕೊಳಲ್ಲ."

"ನಾವು ಇಳಿಸಲ್ಲ," ಎಂದಳು ಮುದಿ ರಕ್ಕಸನ ಮಗಳು.

ಇಳಿಸಲಿಲ್ಲ.

ಸಂಜೆ ಎಲ್ಲರೂ ದಿಬ್ಬದಿಂದ ಮರಳುವಾಗ ಮಾವ ಒಬ್ಬನೇ ರಸ್ತೆಯ ಅಂಚಿನ ಹುಲ್ಲಿನ ಮೇಲೆ ನಡೆಯುತ್ತಿದ್ದ. ಎದುರಿನಿಂದ ಒಂದು ಎತ್ತಿನಗಾಡಿ ಬಂತು. ಅವನು ಎರಡೂ ಕೈ ಚಾಚಿ ಅಡ್ಡ ನಿಂತ.

"ಏಯ್, ಆ ಕಡೆಯಿಂದ ಹೊಡಿಯಯ್ಯಾ, ಆ ಕಡೆಯಿಂದ!"

ಗಾಡಿಯವನು ಬೈದುಕೊಳ್ಳುತ್ತಾ ಎತ್ತುಗಳನ್ನು ಹುಲ್ಲಿಗೆ ತಿರುಗಿಸಿದ. ರಸ್ತೆಯ ನಡುವೆ, ಊರಿನಿಂದ ದಿಬ್ಬದವರೆಗೆ, ಬಾಣಲೆಯಗಲದ ಗುಳಿಗಳು ಎರಡು ಸಾಲಾಗಿ ಸಾಗಿದ್ದವು. ಅವುಗಳ ಹಿಂದೆಯೇ ಎರಡು ಜೊತೆ ಪುಟ್ಟ ಹೆಜ್ಜೆಗಳು.