ಯಾವ ಕೊಟ್ರೇಶ?

"ಲೇ ಕೀರ್ತನಾ, ಗಿರಣಿ ಕೊಟ್ರಗ ಹಾಲ್ ಟಿಕೆಟ್ ಬಂದಿಲ್ಲಂತಲೇ! ಹಾಜರಿ ಕಡಿಮಿ ಐತಂತ!"

"ಗಿರಣಿ ಕೊಟ್ರಗಾ? ನಿನ್ನ ತಲಿ ಕೆಟ್ಟೈತಿ ಪ್ರಿಯಾ. ಅವ ಜ್ವರ ಬಂದಾಗೂ ಕಂಬಳಿ ಹೊಚ್ಚಿಗೊಂಡು ಬಂದು ಕುಂತಾವ. ಕುರಿ ಕೊಟ್ರ ಇರಬೇಕು ನೋಡು."

"ಕುರಿ ಕೊಟ್ರಂದು ಬಂದೈತಲೇ! ಆಫೀಸಿನ್ಯಾಗ ನಾನೇ ನೋಡೀನಿ, ಫೋಟೋದಾಗ ಹಲ್ಲು ಕಿಸಗೊಂಡು ಅದಾನ."

ಬೆಂಚಿನ ಮೇಲೆ ನಿಂತು ಬಣ್ಣದ ಕಾಗದದ ಮಾಲೆ ಕಟ್ಟುತ್ತಿದ್ದ ಕೀರ್ತನಾ ಮೊದಲು ಪಕಪಕ ನಕ್ಕಳು. ಬಂದವನಿಗೆ ಇಲ್ಲ, ಬಾರದವನಿಗೆ ಉಂಟು! ನಗು ಅರ್ಧಕ್ಕೇ ನಿಂತಿತು. ಮಾಲೆಯ ತುದಿ ಕೈಜಾರಿ ನೆಲಕ್ಕೆ ಬಿತ್ತು.

ಕೊಟ್ಟೂರಿನ ಸುತ್ತ ಕಲ್ಲು ಬೀಸಿದರೆ ಯಾವನಾದರೂ ಒಬ್ಬ ಕೊಟ್ರೇಶನಿಗೆ ತಗಲುತ್ತದೆ. ಅವರ ಹತ್ತನೇ ಕ್ಲಾಸಿನಲ್ಲಿ ಇಬ್ಬರಿದ್ದರು. ಒಬ್ಬನ ಅಪ್ಪನದು ಹಿಟ್ಟಿನ ಗಿರಣಿ. ದಿನಾ ಬೆಳಿಗ್ಗೆ ತಲೆಗೂದಲಲ್ಲಿ ಜೋಳದ ಹಿಟ್ಟು ಹೊತ್ತುಕೊಂಡೇ ಬರುತ್ತಿದ್ದ. ಇನ್ನೊಬ್ಬನ ಮನೆಯಲ್ಲಿ ಮುನ್ನೂರು ಕುರಿ. ದೀಪಾವಳಿ ಮುಗಿದ ಮೇಲೆ ಅವನ ಅಣ್ಣ ಕಾಲು ಮುರಿದುಕೊಂಡ. ಅಂದಿನಿಂದ ಅಪ್ಪನ ಜೊತೆ ಹಂಪಸಾಗರದ ಹೊಳೆದಂಡೆಗೆ ಮಂದೆ ಹೊಡೆದುಕೊಂಡು ಹೋಗುವ ಪಾಳಿ ಇವನದಾಯಿತು. ಪರೀಕ್ಷೆ ಇದ್ದ ದಿನ ಮಾತ್ರ ಬಸ್ಸು ಹತ್ತಿ ಬಂದು, ಬರೆದು, ಸಂಜೆಗೇ ವಾಪಸಾಗುತ್ತಿದ್ದ.

ಕೀರ್ತನಾ ಕ್ಲಾಸ್ ಲೀಡರು. ಗುರುಸಂಗಪ್ಪ ಸರ್‌ಗೆ ಗಣಿತದ ಪಾಠದ ಜೊತೆಗೆ ಬಿಸಿಯೂಟದ ಲೆಕ್ಕ, ಮೇಲಿನವರು ಕೇಳಿದ ಮಾಹಿತಿ, ಹತ್ತೆಂಟು ತಾಪತ್ರಯ. ಜೂನ್ ತಿಂಗಳಲ್ಲೇ ಅವರು ಹೇಳಿಬಿಟ್ಟಿದ್ದರು: "ನೀ ಹೆಂಗೂ ಮನಿಗೆ ಹೋದ ಕೂಡ್ಲೇ ಫೋನ್ ಹಿಡೀತಿ. ಯಾರು ಬಂದಿಲ್ಲ ಅಂತ ನನಗೊಂದು ಮೆಸೇಜ್ ಹಾಕವ್ವಾ." ಅವಳಿಗೆ ಅಷ್ಟೇ ಸಾಕಾಗಿತ್ತು. ಮೊದಲ ವಾರವೇ ಅವನು ಒಂದು ದಿನ ತಪ್ಪಿಸಿಕೊಂಡಾಗ "ಕುರಿ ಕೊಟ್ರ ಗೈರು" ಎಂದು ಬರೆದು, ಪಕ್ಕದಲ್ಲಿ ಒಂದು ಕುರಿಯ ಚಿತ್ರವನ್ನೂ ಅಂಟಿಸಿದ್ದಳು. ಮರುದಿನ ಸರ್ ಅವಳನ್ನು ಬೇರೆ ಕರೆದು, ಬೈಯಲಿಲ್ಲ, ಮೆಲ್ಲಗೆ ಅಂದಿದ್ದರು: "ಅವಗ ಅಪ್ಪ ಅವ್ವ ಇಟ್ಟ ಹೆಸರೈತಿ. ಹೆಸರು ಬರಿ."

ಆ ಮಾತು ಅವಳಿಗೆ ಎಷ್ಟು ನಾಟಿತೆಂದರೆ ಅವತ್ತಿನಿಂದ "ಕೊಟ್ರೇಶ ಗೈರು" ಎಂದೇ ಬರೆದಳು. ಇನಿಶಿಯಲ್ ಹಾಕಬೇಕೆಂದು ತಲೆಗೇ ಹೊಳೆಯಲಿಲ್ಲ. ಬಾರದ ಕೊಟ್ರೇಶ ಯಾರೆಂದು ಇಡೀ ಕ್ಲಾಸಿಗೆ ಗೊತ್ತಿತ್ತು, ಸರ್‌ಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವನು ಹೊಸದಾಗಿ ಬಂದ ಕ್ಲರ್ಕ್ ಪಕ್ಕೀರಪ್ಪ. ಸರ್ ಅವಳ ಮೆಸೇಜುಗಳನ್ನು ಇದ್ದಂತೆಯೇ ಅವನಿಗೆ ದಾಟಿಸುತ್ತಿದ್ದರು. ಅವನು ಹುಡುಗರ ಮುಖ ನೋಡಿದವನಲ್ಲ. ಪಟ್ಟಿಯಲ್ಲಿ ಮೊದಲು ಸಿಕ್ಕ ಕೊಟ್ರೇಶ ಎಚ್. ಎಂಬವನ ಮುಂದೆ ಗೈರು ಹಾಕುತ್ತಾ ಹೋಗಿದ್ದ. ಎಚ್. ಅಂದರೆ ಗಿರಣಿಯವನು. ಹಾಜರಿ ಕಡಿಮೆ ಇದ್ದವರ ಪಟ್ಟಿಯನ್ನು ಕ್ಲಾಸಿನಲ್ಲಿ ಓದಿದ ಎರಡೂ ಸಲ, ಕೊಟ್ರೇಶ ಎಂದಾಗ ಎಲ್ಲರೂ ಕುರಿ ಕೊಟ್ರನ ಖಾಲಿ ಜಾಗದ ಕಡೆ ನೋಡಿದ್ದರು. ಗಿರಣಿ ಕೊಟ್ರನೂ ಆ ಕಡೆಗೇ ನೋಡಿದ್ದ.

ಸೆಂಡಾಫ್ ಅಂತ ಇವತ್ತೊಂದು ದಿನ ಫೋನಿಗೆ ಮಾಫಿ ಇತ್ತು. ಕೀರ್ತನಾ ಮೂಲೆಗೆ ಹೋಗಿ "ಕೊಟ್ರೇಶ ಗೈರು" ಎಂದು ಹುಡುಕಿದಳು. ಅರವತ್ತೊಂದು ಸಲ. ಎಲ್ಲವೂ ಅವಳ ಬೆರಳಿನವೇ.

ಕಾರ್ಯಕ್ರಮ ನಿಲ್ಲುವಂತಿರಲಿಲ್ಲ. ನಿರೂಪಣೆ ಅವಳದೇ. ಫೋನಿನಲ್ಲಿ ಬರೆದುಕೊಂಡಿದ್ದ ಸಾಲುಗಳನ್ನು ಓದುತ್ತಾ ಹೋದಳು. "ನಮ್ಮನ್ನು ತಿದ್ದಿ ತೀಡಿದ ಗುರುಗಳು" ಎಂಬಲ್ಲಿಗೆ ಬಂದಾಗ ನಾಲಿಗೆ ತೊದಲಿತು. ಹೆಡ್ ಮೇಡಂ ಕಣ್ಣೊರೆಸಿಕೊಂಡರು. ದುಃಖಕ್ಕೆ ತೊದಲಿದಳೆಂದು ತಿಳಿದು ಹುಡುಗಿಯರು ಚಪ್ಪಾಳೆ ಹೊಡೆದರು.

ಅನಿಸಿಕೆ ಹೇಳಲು ಗಿರಣಿ ಕೊಟ್ರನ ಹೆಸರನ್ನು ಯಾರೋ ಕೂಗಿದರು. ಅವನು ಬೆಳಿಗ್ಗೆಯಿಂದ ಪಲಾವಿನ ಬೋಗುಣಿ ಹೊತ್ತು ತಿರುಗುತ್ತಿದ್ದ. ಬಂದು ಮೈಕಿನ ಮುಂದೆ ಕೈಕಟ್ಟಿ ನಿಂತ.

"ಸರ್, ಮೇಡಂ... ಏನರ ತಪ್ಪು ಮಾಡಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ. ನಾ ಬರ್ತೀನ್ರಿ."

ಹಿಂದಿನ ಬೆಂಚಿನಿಂದ ಜಂಬಣ್ಣ ಬಾಯಿ ಹಾಕಿದ: "ಬರ್ತೀನಿ ಅನಬ್ಯಾಡಲೇ! ಮುಂದಿನ ವರ್ಷಾನೂ ಇಲ್ಲೇ ಬಂದುಗಿಂದಿ!"

ಹೋಗುತ್ತೇನೆ ಎನ್ನಬಾರದೆಂದು ಎಲ್ಲರ ಮನೆಯಲ್ಲೂ ಕಲಿಸಿರುತ್ತಾರೆ. ಗೋಡೆ ಬೀಳುವಂತೆ ನಕ್ಕರು. ಗಿರಣಿ ಕೊಟ್ರನೂ ನಕ್ಕ. ಆಮೇಲೆ ಮುಖ ಅತ್ತ ತಿರುಗಿಸಿ, ಇಳಿದು, ಸೀದಾ ಅಡುಗೆ ಕೋಣೆಗೆ ಹೋದ. ಕೀರ್ತನಾ ಮುಂದಿನ ಹೆಸರನ್ನು ಎರಡು ಸಲ ತಪ್ಪು ಓದಿದಳು.

ಗ್ರೂಪ್ ಫೋಟೋ ಮುಗಿದ ಮೇಲೆ ಗುರುಸಂಗಪ್ಪ ಸರ್ ಕೊರಳಿನ ಹಾರ ತೆಗೆದು ಕೈಯಲ್ಲಿ ಸುತ್ತುತ್ತಾ ಮೆಟ್ಟಿಲಿಳಿಯುತ್ತಿದ್ದರು. ಅವಳು ಅಡ್ಡ ನಿಂತಳು.

"ಸರ್, ಗಿರಣಿ ಕೊಟ್ರಂದು ಆಫೀಸಿನವರ ತಪ್ಪಲ್ರಿ. ನಂದ್ರೀ."

ಫೋನ್ ತೋರಿಸಿದಳು. ಸರ್ ಕನ್ನಡಕ ಹಣೆಗೇರಿಸಿ ಮೇಲಿನಿಂದ ಕೆಳಗೆ ಎಳೆಯುತ್ತಾ ಹೋದರು. ಕೊಟ್ರೇಶ ಗೈರು. ಕೊಟ್ರೇಶ ಗೈರು. ಕೊನೆಗೆ ಅದೇ ಮೆಟ್ಟಿಲ ಮೇಲೆ ಕುಳಿತರು.

"ನೀ ಬರದದ್ದು ಹೌದು. ಒಮ್ಮೆರ ತಗದು ನೋಡದ ದಾಟ್ಸಿದಾವ ನಾನು. ಹೆಸರು ಬರಿ ಅಂತ ಹೇಳಿದಾವನೂ ನಾನೇ."

"ಈಗ ಸರಿ ಮಾಡಾಕ ಬರ್ತೈತೇನ್ರಿ?"

"ಮುಂಜಾನಿ ಹೆಡ್ ಮೇಡಂ ಕೂಡ್ಲಿಗಿ ಬಿಇಒ ಆಫೀಸಿಗೆ ಫೋನ್ ಮಾಡ್ಯಾರ. ನಾಳೆ ಹತ್ತಕ್ಕ ಬರ್ರಿ, ಏನು ಆಧಾರ ಐತಿ ತೋರಸ್ರಿ ಅಂದಾರ. ಆಧಾರ ಅಂದ್ರ ಇದೇ, ನಿನ್ನ ಫೋನು. ಎಂಟೂವರಿ ಬಸ್ಸಿಗೆ ನೀನೂ ಬಾ." ಸರ್ ಅದನ್ನು ವಾಪಸು ಕೊಟ್ಟರು. "ಅಲ್ಲಿ ಒಂದೇ ಮಾತು ಕೇಳ್ತಾರ. ಇದು ಗಿರಣಿಯಾವ ಅಲ್ಲಂದ್ರ ಮತ್ತೆ ಯಾವ ಕೊಟ್ರೇಶ?"

"ಹೇಳಿದ್ರ ಕುರಿ... ಅವಂದು ಹಾಲ್ ಟಿಕೆಟ್ ಹೋಗ್ತೈತೇನ್ರಿ?"

"ಹೋಗಬೌದು."

"ಯಾರೂ ಗೈರು ಇದ್ದಿಲ್ಲ, ನಾನೇ ಸುಮ್ಮನ ಬರದೀನಿ ಅಂತ ಹೇಳಿದ್ರ?"

ಸರ್ ಹಾರದ ಒಂದು ಹೂ ಕಿತ್ತರು. "ಸುಳ್ಳು ಹೇಳಂತ ನಾ ಹೇಳಂಗಿಲ್ಲವ್ವಾ. ಖರೇ ಹೇಳು ಅನ್ನಾಕೂ ಬಾಯಿ ಬರವಲ್ದು. ಇಬ್ರೂ ನನ್ನ ಹುಡುಗ್ರು."

ಹತ್ತು ವರ್ಷದ ಶಾಲೆಯಲ್ಲಿ ಮೇಷ್ಟ್ರೊಬ್ಬರು ಗೊತ್ತಿಲ್ಲ ಎಂಬಂತೆ ತಲೆ ತಗ್ಗಿಸಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಕಾಲಿಗೆ ಬಿದ್ದು ಆಶೀರ್ವಾದ ತೆಗೆದುಕೊಳ್ಳಬೇಕೆಂದು ಬೆಳಿಗ್ಗೆಯಿಂದ ಅಂದುಕೊಂಡಿದ್ದಳು. ಬಾಗಲು ಧೈರ್ಯ ಬರಲಿಲ್ಲ.

ಕುರಿ ಕೊಟ್ರ ಬೇವಿನ ಮರದ ಕೆಳಗೆ ಕುಳಿತು ಹಾಲ್ ಟಿಕೆಟ್ಟನ್ನು ಪ್ಲಾಸ್ಟಿಕ್ ಕವರಿನೊಳಗೆ ಸೇರಿಸುತ್ತಿದ್ದ.

"ಏನ್ ಲೀಡರಮ್ಮ, ಮಾರಿ ಹುಳ್ಳಗೆ ಮಾಡೀಯಲ್ಲ? ಪಲಾವು ಸಿಗಲಿಲ್ಲೇನು?"

ಅವಳು ಸುತ್ತಿ ಬಳಸಿ ಹೇಳಲು ಹೊರಟು, ಆಗದೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವನ ಕೈ ಕವರಿನ ಮೇಲೆಯೇ ನಿಂತಿತು.

"ಹೆಡ್ ಮೇಡಂ ದೊಡ್ಡ ಮನಸ್ಸು ಮಾಡ್ಯಾರ ಅನ್ಕೊಂಡಿದ್ನಿ," ಅಂದ. "ನಮ್ಮಪ್ಪ ಫೋನಿನ್ಯಾಗ ಸುದ್ದಿ ಕೇಳಿ ಹೊಳಿದಂಡ್ಯಾಗ ಸಕ್ಕರಿ ಹಂಚ್ಯಾನ."

"ನಾ ನಾಳೆ ನಿನ್ನ ಹೆಸರು ಹೇಳಂಗಿಲ್ಲ. ಏನರ ಒಂದು ಹೇಳ್ತೀನಿ."

"ಏನ್ ಹೇಳ್ತಿ? ನಿನಗ ಸುಳ್ಳು ಹೇಳಾಕ ಬರಂಗಿಲ್ಲ. ಕಾಪಿ ಹೊಡದ್ರ ಮೊದಲು ನೀನೇ ನಗ್ತಿ." ಅವನು ನಗಲಿಲ್ಲ. ಅಡುಗೆ ಕೋಣೆಯ ಕಡೆ ನೋಡಿದ. ಗಿರಣಿ ಕೊಟ್ರ ಬಗ್ಗಿ ಬೋಗುಣಿ ತಿಕ್ಕುತ್ತಿದ್ದ. "ಮೂರು ತಿಂಗ್ಳು ಅವನೇ ನೋಟ್ಸ್ ಬರದು ಕಂಡಕ್ಟರ್ ಕೈಯಾಗ ಕೊಟ್ಟು ಕಳಿಸ್ಯಾನ. ಅದನ್ನ ಓದೇ ನಾ ಪ್ರಿಪರೇಟರಿ ಪಾಸಾಗೀನಿ. ಆ ಗೈರೆಲ್ಲ ನಂದಂತ ಅವಗ ಗೊತ್ತೈತೇನು?"

"ಇಲ್ಲ."

"ಈಗ ಹೇಳಬ್ಯಾಡ. ಹೇಳಿದ್ರ ನಾನೇ ಪರೀಕ್ಷಿ ಬರಿಯಂಗಿಲ್ಲ ಅಂತ ಕುಂತ್ಗೋತಾನ, ಹುಚ್ಚ ಅದಾನ ಅವ."

ಅವನು ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡ. ಅವಳ ಕಣ್ಣು ತುಂಬಿದ್ದು ಕಂಡರೂ ಕಾಣದವನಂತೆ ಅತ್ತ ನೋಡಿದ.

"ನಾಳೆ ಎಷ್ಟೊತ್ತಿಗಂದಿ?"

"ಹತ್ತಕ್ಕ. ಆದ್ರ ನಿನ್ನ ಕರದಿಲ್ಲ ಅವರು."

"ಕರೀದಿದ್ರೇನು? ನನ್ನ ಮಾತು ನಾ ಹೇಳ್ತೀನಿ. ಕುರಿ ಹಿಂದ ಹೋಗಿದ್ನಿ, ಟೆಸ್ಟ್ ಒಂದೂ ಬಿಟ್ಟಿಲ್ಲ ಅಂತೀನಿ. ಹಾಲ್ ಟಿಕೆಟ್ ಕೊಟ್ರ ಕೊಡ್ಲಿ, ಬಿಟ್ರ ಬಿಡ್ಲಿ. ನೀ ಬಾಯಿ ತಗೀಬ್ಯಾಡ, ಫೋನ್ ಅಷ್ಟೇ ತೋರ್ಸು."

"ಸರ್ ಎಂಟೂವರಿ ಬಸ್ಸಿಗೆ ಹೊಂಟಾರ."

"ಹಂಗಾರ ನಾ ಎಂಟಕ್ಕ ಬಸ್ ಸ್ಟ್ಯಾಂಡಿನ್ಯಾಗ ಇರ್ತೀನಿ. ನೀ ತಡಾ ಮಾಡಬ್ಯಾಡ."