ಅಮ್ಮನ ಅಳತೆಯ ಅಡುಗೆಕಟ್ಟೆ

ನಮ್ಮ ಮನೆಗೆ ಯಾರೇ ಬರಲಿ, ಕೂರುವ ಮೊದಲು ಅಪ್ಪನ ಭಾಷಣ ಕೇಳಲೇಬೇಕು. ಚಪ್ಪಟೆ ಚಾವಣಿ, ನೆಲದಿಂದ ಮೇಲಿನವರೆಗೂ ಗಾಜಿನ ಗೋಡೆ, ಗೋಡೆಯೊಳಗೇ ಕೂರಿಸಿದ ತೇಗದ ಕಪಾಟು, ಅಡುಗೆಮನೆಯಿಂದ ಊಟದ ಮೇಜಿಗೆ ತಟ್ಟೆ ದಾಟಿಸುವ ಕಿಂಡಿ. ಐವತ್ತು ವರ್ಷದ ಹಿಂದೆ ಬೀದಿಯವರೆಲ್ಲ "ಇದೇನು ಬೆಂಕಿಪೊಟ್ಟಣ!" ಎಂದು ನಕ್ಕಿದ್ದರಂತೆ. ಕೊನೆಗೆ ಅಪ್ಪ ಅಡುಗೆಕಟ್ಟೆ ತಟ್ಟಿ, "ಇದು ನಮ್ಮೋಳ ಅಳತೆಗೇ ಕಟ್ಟಿಸಿದ್ದು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ" ಎಂದು ಜಂಭ ಕೊಚ್ಚದೆ ಬಿಡುವುದಿಲ್ಲ.

ಹಾಗಿದ್ದರೆ ಅದರ ಮುಂದೆ ಗಿಡ್ಡ ಕಾಲಿನ ಹಲಗೆ ಹಾಕಿಕೊಂಡು ಯಾಕೆ ನಿಲ್ಲುತ್ತೀ ಎಂದು ಚಿಕ್ಕಂದಿನಲ್ಲಿ ಅಮ್ಮನನ್ನು ಕೇಳಿದ್ದೆ. "ನೆಲ ತಣ್ಣಗಿರುತ್ತೆ ಕಣೇ" ಎಂದಿದ್ದಳು. ನಂಬಿದ್ದೆ, ಪೆದ್ದಿ ನಾನು.

ಹೋದ ತಿಂಗಳು ಅದೇ ಹಲಗೆಯಿಂದ ಜಾರಿ ಬಿದ್ದು ಅಮ್ಮನ ಮಣಿಕಟ್ಟು ಮುರಿಯಿತು. ನನಗೆ ಕೋಪ ನೆತ್ತಿಗೇರಿತು. ಕೆಳಗಿನ ಕಪಾಟು ಕೊಯ್ದು ಕಟ್ಟೆ ತಗ್ಗಿಸಲು ಬಡಗಿಯನ್ನು ಕರೆಸಿಯೇಬಿಟ್ಟೆ. ಅವನು ಬರುವ ಹೊತ್ತಿಗೆ ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದು ಕಿಂಡಿಯ ಬಾಗಿಲು ಮುಚ್ಚಿದಳು.

"ಬೇಡ ಕಣೇ. ನಿಮ್ಮಪ್ಪನಿಗೆ ಗೊತ್ತಾಗಿಬಿಡುತ್ತೆ."

"ಏನು ಗೊತ್ತಾಗೋದು?"

ಆಗ ಬಾಯಿ ಬಿಟ್ಟಳು. ಅಳತೆ ಕೊಡಲು ನಕ್ಷೆ ಬರೆಯುವವರ ಕಚೇರಿಗೆ ಹೋದ ದಿನ, ಕುಳ್ಳಿಯಾಗಿ ಕಾಣಬಾರದೆಂದು ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡಿದ್ದಳಂತೆ. ಅವರು ಮೊಣಕೈ ಎತ್ತರ ಅಳೆಯುವಾಗ ಬಿಚ್ಚಲು ನಾಚಿಕೆ. ಮನೆಯೊಳಗೆ ಬರಿಗಾಲು. ಕಟ್ಟೆ ಮೂರಿಂಚು ಎತ್ತರ!

"ಮನೆಗೆ ಬಂದ ದಿನ ಈ ಹಲಗೆ ಇಲ್ಲೇ ಬಿದ್ದಿತ್ತು. ಕೆಲಸದೋರು ಬಿಟ್ಟು ಹೋಗಿರ್ಬೇಕು. ಸದ್ಯ ಬದುಕಿದೆ ಅಂತ ಹತ್ತಿ ನಿಂತೆ. ಅಷ್ಟು ಆಸೆಪಟ್ಟು ಕಟ್ಟಿಸಿದಾರೆ, ಸರಿಯಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಅದಕ್ಕೆ ಕೈ ಮುರ್ಕೊಳ್ಳೋದಾ? ಎಂಥಾ ಹೆಂಗಸಮ್ಮಾ ನೀನು!" ಬೈಯುತ್ತಲೇ ನನಗೆ ಅಳು ಬಂತು.

ಬಡಗಿ ಟೇಪು ಹಿಡಿದು ಒಳಗೆ ಬಂದ, ಹಿಂದೆಯೇ ಅಪ್ಪ. "ಎಷ್ಟು ತಗ್ಗಿಸ್ಬೇಕು ಅಕ್ಕಾ?" ಎಂದು ಬಡಗಿ ಕೇಳಿದ. ಅಮ್ಮ ತಲೆ ಬಗ್ಗಿಸಿದಳು.

"ಮೂರಿಂಚು" ಎಂದರು ಅಪ್ಪ.

ಅಮ್ಮ ಬೆಚ್ಚಿಬಿದ್ದಳು. "ನಿಮಗೆ ಹೇಗ್ರೀ ಗೊತ್ತು?"

"ಆವತ್ತು ಕಚೇರೀಲಿ ನಾನು ಪಕ್ಕದಲ್ಲೇ ಇರ್ಲಿಲ್ವೇನೇ? ದಿನಾ ಭುಜಕ್ಕೆ ಬರೋಳು ಗದ್ದದವರೆಗೆ ಬಂದಿದ್ದೆ. ಅಷ್ಟು ಖುಷಿಯಾಗಿ ನಿಂತಿದ್ದೋಳಿಗೆ ಚಪ್ಪಲಿ ಬಿಚ್ಚು ಅನ್ಲಾ? ಆಮೇಲೆ ಸರಿಮಾಡಿಸಿದ್ರೂ ನೀನು ನಾಚ್ಕೊಳ್ತಿದ್ದೆ."

"ಹಾಗಾದ್ರೆ ಈ ಹಲಗೆ?"

"ನಾನೇ ಮಾಡ್ಸಿಟ್ಟಿದ್ದು." ಅಪ್ಪ ಅಮ್ಮನ ಪ್ಲಾಸ್ಟರು ಹಾಕಿದ ಕೈಯನ್ನು ಮೆಲ್ಲಗೆ ಹಿಡಿದುಕೊಂಡರು. "ಒಂದಿನ ಜಾರುತ್ತೆ ಅಂತ ನನ್ನ ಮಂಡೆಗೆ ಹೊಳೀಲಿಲ್ಲ ನೋಡು."

ಇಬ್ಬರಿಗೂ ಸೇರಿಸಿ ನಾಲ್ಕು ಬಿಡಬೇಕು ಅನ್ನಿಸಿತು ನನಗೆ.

"ಯಾವುದಕ್ಕೂ ಒಂದ್ಸಲ ಅಳೆದುಬಿಡ್ತೀನಿ" ಎಂದ ಬಡಗಿ. ಅಮ್ಮ ಹಲಗೆಯನ್ನು ಕಾಲಿಂದ ಪಕ್ಕಕ್ಕೆ ತಳ್ಳಿ, ಗಂಡನೆದುರು ಬರಿಗಾಲಲ್ಲಿ ನೆಟ್ಟಗೆ ನಿಂತಳು. ಬಡಗಿ ಎರಡು ಸಲ ಅಳೆದ.

"ಯಜಮಾನ್ರೇ, ಮೂರಲ್ಲ, ನಾಲ್ಕು ಆಗುತ್ತೆ. ವಯಸ್ಸಾದ್ಮೇಲೆ ಸ್ವಲ್ಪ ಕುಗ್ತಾರಲ್ವಾ?"

ಅಪ್ಪ ಅಮ್ಮನ ಪಕ್ಕ ಹೋಗಿ ನಿಂತು, ಅವಳ ತಲೆ ತಮ್ಮ ಭುಜಕ್ಕೆ ಬರುತ್ತದೆಯೇ ಎಂದು ನೋಡಿದರು. ಬರಲಿಲ್ಲ.

"ನಾಲ್ಕೇ ತಗ್ಗಿಸಪ್ಪಾ" ಎಂದರು.