ಬಟ್ಟೆ ಹರವದ ದಿನ

ಬಣ್ಣದಕ್ಕನಿಗೆ ಆಫೀಸಿನಲ್ಲಿ ಆ ಹೆಸರು ಬಂದದ್ದು ಕೆಲಸದಿಂದ. ಉಪಗ್ರಹ ತೆಗೆದ ಚಿತ್ರವನ್ನು ಕಂಪ್ಯೂಟರಿಗೆ ಹಾಕಿ, ಇದು ಕಟ್ಟಡ, ಇದು ಹುಲ್ಲು, ಇದು ನೀರು ಎಂದು ನಾಲ್ಕಾರು ಕಡೆ ತೋರಿಸಿಕೊಟ್ಟರೆ, ಉಳಿದ ಊರಿಗೆಲ್ಲ ಅದು ತಾನೇ ಬಣ್ಣ ಬಳಿಯುತ್ತದೆ. ಕಟ್ಟಡಕ್ಕೆ ಕೆಂಪು, ಹುಲ್ಲಿಗೆ ಹಸಿರು. ಎಂಟು ವರ್ಷದ ಹಿಂದಿನ ಊರನ್ನೂ ಇವತ್ತಿನ ಊರನ್ನೂ ಅಕ್ಕಪಕ್ಕ ಇಟ್ಟರೆ ಎಲ್ಲಿ ಏನು ಬದಲಾಯಿತು ಎಂಬುದು ಬಯಲು.

ಈ ಸಲ ಬಯಲಾದದ್ದು ಅವಳದೇ ಎಡವಟ್ಟು. ಹಳೆಯ ನಕ್ಷೆಯಲ್ಲಿ ಅಮ್ಮ ಬಟ್ಟೆ ಹರವುವ ಮೈದಾನ ಕೆಂಪಗೆ ಕೂತಿತ್ತು. ಕಟ್ಟಡವಂತೆ! ಅಲ್ಲಿ ಒಂದು ಇಟ್ಟಿಗೆಯೂ ಇದ್ದದ್ದಿಲ್ಲ. ಹನ್ನೊಂದು ಮನೆಯವರು ಆಸ್ಪತ್ರೆ, ಹೋಟೆಲುಗಳ ಬಿಳಿ ಚಾದರ ಒಗೆದು ಹುಲ್ಲಿನ ಮೇಲೆ ಉದ್ದಕ್ಕೂ ಹರವುತ್ತಾರೆ, ಅಷ್ಟೇ. ಕಂಪ್ಯೂಟರಿಗೆ ಬಿಸಿಲಲ್ಲಿ ಹೊಳೆಯುವ ಚಾದರವೂ ಒಂದೇ, ತಗಡಿನ ಚಾವಣಿಯೂ ಒಂದೇ. ಬೆಳ್ಳಗೆ ಹೊಳೆದದ್ದು ಕಟ್ಟಡ ಎಂದು ಕಲಿಸಿದವಳೂ ಇವಳೇ. ಯಾರನ್ನು ಬೈಯುವುದು?

ನಗರಸಭೆಯ ನಿಯಮದಲ್ಲಿ ಗೊಂದಲವಿರಲಿಲ್ಲ. ಎಂಟು ವರ್ಷದ ಹಿಂದೆ ಹುಲ್ಲಿದ್ದ ನೆಲವನ್ನು ಯಾರೂ ಮುಟ್ಟುವಂತಿಲ್ಲ. ಕಟ್ಟಡವಿದ್ದ ಜಾಗವಾದರೆ ಹೊಸ ಬಸ್ ಡಿಪೋಗೆ ಹೋಗುತ್ತದೆ.

"ಸರ್, ಅದು ನಮ್ಮಮ್ಮನ ಮೈದಾನ. ನಾನು ಅಲ್ಲೇ ಆಡಿ ಬೆಳೆದಿದ್ದು," ಎಂದಳು.

ಮೇಲಧಿಕಾರಿ ಕೆಟ್ಟವರಲ್ಲ, ಆದರೆ ಕಡತದ ಮನುಷ್ಯ. "ನೀವು ಆಡಿದ್ದನ್ನ ಫೈಲಿಗೆ ಹಾಕೋಕಾಗುತ್ತೇನ್ರೀ? ಆ ವರ್ಷದ್ದೇ ಒಂದು ಚಿತ್ರದಲ್ಲಿ ಹುಲ್ಲು ತೋರ್ಸಿ, ಸಾಕು. ಕಟ್ಟಡ ಏನು ಒಂದಿನ ಎದ್ದು ಹೋಗಿ ಮಾರನೇ ದಿನ ಬಂದು ಕೂರುತ್ತಾ? ಆದ್ರೆ ಕೇಂದ್ರ ಕಚೇರಿಯೋರು ಇನ್ನು ಒಂದೇ ಒಂದು ತಾರೀಖಿನ ಚಿತ್ರ ಕೊಡೋದು. ಯೋಚ್ನೆ ಮಾಡಿ ಕೇಳಿ."

ಅಲ್ಲೇ ಇದ್ದದ್ದು ಪೇಚಾಟ. ಮಳೆ ಬಂದ ದಿನ ಮೈದಾನ ಖಾಲಿ, ಆದರೆ ಮೋಡ ಮುಚ್ಚಿ ಚಿತ್ರವೇ ಇಲ್ಲ. ಚಿತ್ರ ಚೆನ್ನಾಗಿ ಬರುವುದು ಬಿಸಿಲಿನ ದಿನ, ಬಿಸಿಲಿನ ದಿನ ಚಾದರ ಇದ್ದೇ ಇರುತ್ತದೆ. ಅವಳಿಗೆ ತಲೆ ಕೆಟ್ಟು ಕೆರ ಹಿಡಿಯಿತು.

ಮನೆಗೆ ಬಂದು ಅಮ್ಮನನ್ನೇ ಕೇಳಿದಳು. "ಎಂಟು ವರ್ಷದ ಹಿಂದೆ, ಒಳ್ಳೆ ಬಿಸಿಲಿದ್ದೂ ಯಾರೂ ಬಟ್ಟೆ ಹರವದ ದಿನ ಯಾವುದಾದ್ರೂ ಇತ್ತೇನಮ್ಮ?"

"ಬಿಸಿಲು ಬಿಟ್ಟು ಸುಮ್ನೆ ಕೂರೋಕೆ ನಮಗೇನು ಹುಚ್ಚಾ?" ಎಂದಳು ಅಮ್ಮ, ಚಾದರ ಮಡಿಸುತ್ತ. ಆಮೇಲೆ ಅವಳ ಕೈ ನಿಂತಿತು. "ಒಂದಿನ ಇತ್ತಲ್ಲೇ. ನಿಮ್ಮಪ್ಪ ಹೋದ ದಿನ. ಹನ್ನೊಂದು ಮನೇಲೂ ಒಲೆ ಹಚ್ಚಲಿಲ್ಲ, ಒಂದು ಕರ್ಚೀಫೂ ಹರವಲಿಲ್ಲ."

ಆ ತಾರೀಖು ಮಗಳಿಗೆ ಬಾಯಿಪಾಠ, ಆದರೂ ಹೊಳೆದಿರಲಿಲ್ಲ.

ಅಮ್ಮ ತಲೆ ತಗ್ಗಿಸಿದಳು. "ಯಾರಿಗೂ ಹೇಳಿಲ್ಲ ಪುಟ್ಟಿ. ಅವತ್ತು ಅವರನ್ನ ಅಂಗಳದಲ್ಲಿ ಮಲಗಿಸಿದ್ರು. ನಾನು ಆಕಾಶ ನೋಡಿ, ಅಯ್ಯೋ, ಎಂಥಾ ಬಿಸಿಲು ದಂಡ ಆಗೋಯ್ತು ಅಂದ್ಕೊಂಡೆ. ಗಂಡ ಸತ್ತಾಗ ಬಟ್ಟೆ ಯೋಚ್ನೆ ಮಾಡಿದ ಪಾಪಿ ನಾನು. ಎಂಟು ವರ್ಷದಿಂದ ಅದೇ ಕೊರೀತಾ ಇದೆ."

ಮಗಳು ಅಮ್ಮನ ಕೈಯಲ್ಲಿದ್ದ ಚಾದರದ ಇನ್ನೊಂದು ತುದಿ ಹಿಡಿದಳು. ಮರುದಿನ ಅದೇ ತಾರೀಖು ಬರೆದು ಕಳಿಸಿದಳು.

ಗುರುವಾರ ಚಿತ್ರ ಬಂತು. ಒಂದು ಚೂರು ಮೋಡವಿಲ್ಲ. ಮೈದಾನ ಈ ಕೊನೆಯಿಂದ ಆ ಕೊನೆಯವರೆಗೆ ಹಸಿರು. ಅದರ ಅಂಚಿನಲ್ಲಿ ತಮ್ಮ ಮನೆ, ಒಂದು ಚುಕ್ಕೆಯಷ್ಟು. ಬಣ್ಣದಕ್ಕ ಆಫೀಸು ಎಂಬುದನ್ನೂ ಮರೆತು ಅತ್ತಳು. ಮೇಲಧಿಕಾರಿ ಕನ್ನಡಕ ಏರಿಸಿ ನೋಡಿ ಸಹಿ ಹಾಕಿದರು.

ಸಂಜೆ ಅವಳು ಚಿತ್ರದ ಪ್ರತಿಯನ್ನು ಅಮ್ಮನ ಕೈಗಿಟ್ಟಳು. ಅಮ್ಮ ಅದನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಮೈದಾನ ಉಳೀತಮ್ಮ," ಎಂದಳು ಮಗಳು. "ಅವತ್ತಿನ ಬಿಸಿಲು ದಂಡ ಆಗ್ಲಿಲ್ಲ."